ಕಾಗೆ ಕುಳಿತದ್ದೂ ಕೊಂಬೆ ಮುರಿದದ್ದೂ

ಕಾಗೆ ಬಂದು ಕುಳಿತೊಡನೆ ಕೊಂಬೆ ಮುರಿದರೆ, ಅದು ಕಾಗೆಯ ಭಾರದಿಂದಲೇ ಮುರಿಯಿತೆನ್ನಬಹುದೇ? ಹಿರಿಯರು ಗಾದೆಯಲ್ಲಿ ಅಡಗಿಸಿಟ್ಟ ಈ ಪ್ರಶ್ನೆ 2024ರ ಡಿಸೆಂಬರಿನಲ್ಲಿ ನನಗೆ ಮತ್ತೆ ನೆನಪಾಯಿತು. ಹೈಡ್ರಾಕ್ಸಿಕ್ಲೋರೋಕ್ವಿನ್ ಗುಳಿಗೆಯಿಂದ ಕೋವಿಡ್ ವೈರಾಣು ಬೇಗನೆ ಮರೆಯಾಗುತ್ತದೆಂದು 2020ರ ಮಾರ್ಚಿಯಲ್ಲಿ ಸಾರಿದ್ದ ಫ್ರಾನ್ಸಿನ ಲೇಖನವನ್ನು, ಅದನ್ನು ಪ್ರಕಟಿಸಿದ್ದ ಪತ್ರಿಕೆಯೇ ಆ ತಿಂಗಳು ಹಿಂತೆಗೆದುಕೊಂಡಿತು.

ಆ ಲೇಖನದ ಆಧಾರ ಕೇವಲ 36 ರೋಗಿಗಳು. ಗುಳಿಗೆ ಪಡೆದವರು 20, ಪಡೆಯದವರು 16. ಯಾರಿಗೆ ಕೊಡಬೇಕೆಂಬುದನ್ನು ಚೀಟಿ ಎತ್ತಿ ನಿರ್ಧರಿಸಿರಲಿಲ್ಲ. ಗುಳಿಗೆ ಆರಂಭಿಸಿದ್ದ ಇನ್ನೂ ಆರು ಮಂದಿಯನ್ನು ಲೆಕ್ಕದಿಂದ ಬಿಡಲಾಗಿತ್ತು. ಅವರಲ್ಲಿ ಮೂವರು ತೀವ್ರ ನಿಗಾ ಘಟಕ ಸೇರಿದ್ದರು, ಒಬ್ಬರು ತೀರಿಕೊಂಡಿದ್ದರು. ಆದರೂ ಜಗತ್ತು ನಂಬಿತು. ಸಂಧಿವಾತಕ್ಕಾಗಿ ವರ್ಷಗಳಿಂದ ಅದೇ ಗುಳಿಗೆಯನ್ನು ಸೇವಿಸುತ್ತಿದ್ದ ನಮ್ಮ ನೆರೆಮನೆಯ ತಾಯಿಯೊಬ್ಬರು ಔಷಧದಂಗಡಿಯಿಂದ ಬರಿಗೈಯಲ್ಲಿ ಹಿಂತಿರುಗಿದುದನ್ನು ನಾನು ಕಂಡಿದ್ದೇನೆ.

ಇಂಥ ಆತುರಕ್ಕೆ ಸಂಖ್ಯಾಶಾಸ್ತ್ರವು ಒಂದು ಕಡಿವಾಣ ಹಾಕಿದೆ. ಔಷಧಕ್ಕೆ ಯಾವ ಗುಣವೂ ಇಲ್ಲವೆಂದೇ ಅದು ಮೊದಲು ಭಾವಿಸುತ್ತದೆ. ಇದೇ ಶೂನ್ಯ ಪ್ರಾಕ್ಕಲ್ಪನೆ. ಹಾಗಿದ್ದಲ್ಲಿ, ಕಣ್ಣಿಗೆ ಬಿದ್ದಷ್ಟು ಅಥವಾ ಅದಕ್ಕಿಂತ ದೊಡ್ಡ ವ್ಯತ್ಯಾಸವು ಬರಿಯ ಆಕಸ್ಮಿಕದಿಂದ ಎಷ್ಟು ಸಲ ತೋರೀತು ಎಂದು ಕೇಳುತ್ತದೆ. ನೂರಕ್ಕೆ ಐದಕ್ಕಿಂತ ಕಡಮೆಯೆಂದಾದರೆ ಆ ಭಾವನೆಯನ್ನು ಕೈಬಿಡುತ್ತದೆ. ಈ ಐದರ ಗಡಿ ರೊನಾಲ್ಡ್ ಫಿಷರ್ ಅವರ 1925ರ ಗ್ರಂಥದಿಂದ ರೂಢಿಗೆ ಬಂದುದು. ರೂಢಿಯೇ ಹೊರತು ವೇದವಾಕ್ಯವಲ್ಲ. ತಪ್ಪುಗಳೂ ಎರಡು ಬಗೆ: ಗುಣವಿಲ್ಲದುದನ್ನು ಮೆಚ್ಚುವುದು ಒಂದು, ಗುಣವುಳ್ಳದ್ದನ್ನು ತಳ್ಳಿಹಾಕುವುದು ಇನ್ನೊಂದು. ಒಂದನ್ನು ಅದುಮಿದರೆ ಮತ್ತೊಂದು ತಲೆಯೆತ್ತುತ್ತದೆ. ಎರಡನ್ನೂ ತಗ್ಗಿಸಬೇಕಾದರೆ ಹೆಚ್ಚು ಜನರನ್ನು ಪರೀಕ್ಷಿಸಬೇಕು.

ಬ್ರಿಟನ್ನಿನ ರಿಕವರಿ ಪ್ರಯೋಗವು 2020ರಲ್ಲಿ ಮಾಡಿದ್ದು ಇದನ್ನೇ. ಅಲ್ಲಿ ಯಾರಿಗೆ ಯಾವ ಚಿಕಿತ್ಸೆಯೆಂಬುದನ್ನು ಆಕಸ್ಮಿಕಕ್ಕೇ ಬಿಡಲಾಗಿತ್ತು. ಹೈಡ್ರಾಕ್ಸಿಕ್ಲೋರೋಕ್ವಿನ್ ಪಡೆದ 1,561 ರೋಗಿಗಳಲ್ಲಿ 28 ದಿನಗಳೊಳಗೆ ನೂರಕ್ಕೆ 27 ಮಂದಿ ತೀರಿಕೊಂಡರು. ಪಡೆಯದ 3,155 ಮಂದಿಯಲ್ಲಿ ನೂರಕ್ಕೆ 25. ಅಷ್ಟು ಅಂತರ ಆಕಸ್ಮಿಕವಾಗಿಯೇ ನೂರರಲ್ಲಿ ಸುಮಾರು 15 ಸಲ ಕಾಣಿಸಬಲ್ಲದು. ಆದುದರಿಂದ ಗುಳಿಗೆ ಕೊಂದಿತೆನ್ನುವಂತಿಲ್ಲ; ಕಾಪಾಡಿತೆನ್ನಲಂತೂ ಆಧಾರವೇ ಇಲ್ಲ. ಅದೇ ಪ್ರಯೋಗದಲ್ಲಿ ಡೆಕ್ಸಾಮೆಥಾಸೋನ್ ಎಂಬ ಹಳೆಯ, ಅಗ್ಗದ ಔಷಧ ಪಡೆದ 2,104 ಮಂದಿಯಲ್ಲಿ ಶೇಕಡ 22.9 ಸಾವು, ಪಡೆಯದ 4,321 ಮಂದಿಯಲ್ಲಿ ಶೇಕಡ 25.7. ಆಕಸ್ಮಿಕದಿಂದ ಹೀಗಾಗುವುದು ಸಾವಿರಕ್ಕೆ ಒಂದು ಸಲಕ್ಕಿಂತಲೂ ಅಪರೂಪ. ಇಲ್ಲಿ ಶೂನ್ಯ ಪ್ರಾಕ್ಕಲ್ಪನೆ ನಿಲ್ಲಲಿಲ್ಲ.

ಆದರೆ ಔಷಧವು ಫಲಕಾರಿಯೆಂಬುದು ಸಾವಿರಕ್ಕೆ 999 ಪಾಲು ನಿಜವೆಂದು ಇದರ ಅರ್ಥವಲ್ಲ. ಇಂಥ ತಪ್ಪು ಓದಿನ ವಿರುದ್ಧ ಅಮೆರಿಕದ ಸಂಖ್ಯಾಶಾಸ್ತ್ರ ಸಂಘವು 2016ರಲ್ಲಿ ಎಚ್ಚರಿಸಿತ್ತು. ಹಾಗೆಯೇ, ಪುರಾವೆ ಸಾಲದೆಂದ ಮಾತ್ರಕ್ಕೆ ಗುಣವೇ ಇಲ್ಲವೆಂದು ಸಿದ್ಧವಾಗುವುದಿಲ್ಲ.

ಆ ಮಾರ್ಚಿಯಲ್ಲಿ ಆತುರಪಟ್ಟವರನ್ನು ನಾನು ಹಳಿಯಲಾರೆ; ಭಯಗೊಂಡವನಿಗೆ ಕಾಯುವುದು ಕಷ್ಟ. ಆದರೆ ಕಾಯದಿದ್ದುದರ ಬೆಲೆಯನ್ನು ತೆತ್ತವರು ಆ ತಾಯಿಯಂಥವರು. ನಾಳೆ ಮತ್ತೊಂದು ರಾಮಬಾಣದ ಸುದ್ದಿ ಬಂದೇ ಬರುತ್ತದೆ. ಆಗ ನಾವು ಮೊದಲು ಕೇಳಬೇಕಾದುದು ಇಷ್ಟೆ: ಕಾಗೆ ಕೂರದಿದ್ದರೂ ಆ ಕೊಂಬೆ ಮುರಿಯುತ್ತಿತ್ತೇ?