ಅಂಗುಲಕ್ಕೊಂದು ಯವ

ಪಾಣಿನಿಯ ವ್ಯಾಕರಣದಲ್ಲಿ ‘ಕನ್’ ಎಂಬುದೊಂದು ಪ್ರತ್ಯಯವುಂಟು. ಅಶ್ವವೆಂಬ ಶಬ್ದಕ್ಕೆ ಅದು ಹತ್ತಿದರೆ ‘ಅಶ್ವಕ’ವೆಂದಾಗುವುದು; ಕುದುರೆಯಂತೆ ಮಾಡಿದ ಪ್ರತಿಕೃತಿ ಎಂದು ಅದರ ಅರ್ಥ. ಯಾವುದಾದರೊಂದು ವಸ್ತುವು ಗಿಡ್ಡಾಗಿದೆಯೆಂದು ಹೇಳಬೇಕಾದಾಗಲೂ ಕೊನೆಗೆ ಕಕಾರವೇ ಬರುವುದು. ವೃಕ್ಷಕವೆಂದರೆ ಕುಳ್ಳಾದ ಮರ. ಕಿವಿಗೆ ಎರಡೂ ಒಂದೇ ಬಗೆಯಾಗಿ ಕೇಳಿಸಿದರೂ ಸೂತ್ರಕಾರನು ಇವನ್ನು ಒಂದೇ ಸೂತ್ರದಲ್ಲಿ ಅಡಕಮಾಡದೆ ಬೇರೆ ಬೇರೆಯಾಗಿ ವಿಧಿಸಿದ್ದಾನೆ. ಅರ್ಧ ಅಕ್ಷರವನ್ನು ಉಳಿಸುವುದರಲ್ಲಿಯೂ ಲೋಭಿಯಾದವನು ಇಲ್ಲಿ ಧಾರಾಳಿಯಾದುದೇಕೆ? ಸಣ್ಣದಾಗಿರುವುದು ಬೇರೆ, ಸದೃಶವಾಗಿರುವುದು ಬೇರೆ ಎಂಬುದನ್ನು ಅವನು ಬಲ್ಲನಾದುದರಿಂದ.

ಈ ಭೇದವು ಪಂಡಿತರ ಚರ್ಚೆಗೆ ಮಾತ್ರ ಸೇರಿದ್ದಲ್ಲ. ಜಾತ್ರೆಯಲ್ಲಿ ಮಗುವಿಗೆ ಕೊಡಿಸುವ ಮೋಟಾರುಬೊಂಬೆಯು ಸಣ್ಣದು. ನಾಲ್ಕು ಗಾಲಿಗಳಿದ್ದು ಉರುಳಿದರೆ ಸಾಕು, ಮಿಕ್ಕುದನ್ನು ಮಗುವಿನ ಕಲ್ಪನೆಯೇ ತುಂಬಿಕೊಳ್ಳುವುದು. ಚನ್ನಪಟ್ಟಣದಲ್ಲಿ ಹಾಲೆಯ ಮರವನ್ನು ಕಡೆದು, ಅರಗಿನ ಬಣ್ಣವನ್ನು ಕೊಟ್ಟು ಮಾಡುವ ಗಾಡಿಗಳ ಸೊಗಸು ಈ ಜಾತಿಯದು. ಪ್ರತಿಕೃತಿಯ ಮಾತು ಬೇರೆ. ಅಲ್ಲಿ ಮೂಲವಸ್ತುವಿನ ಒಂದೊಂದು ಅಂಗವೂ ಲೆಕ್ಕ ಕೇಳುವುದು. ಎಲ್ಲ ಲೆಕ್ಕಗಳೂ ಒಂದೇ ಪ್ರಮಾಣಕ್ಕೆ ಬದ್ಧವಾಗಿರಬೇಕು. ತರೀಕೆರೆಯ ಬಳಿಯ ಅಮೃತಾಪುರದಲ್ಲಿ ೧೧೯೬ರಲ್ಲಿ ಕಟ್ಟಿದ ಅಮೃತೇಶ್ವರ ದೇವಾಲಯವನ್ನು ಪ್ರದಕ್ಷಿಣೆ ಮಾಡಿದವರು ಅದರ ಹೊರಗೋಡೆಯ ಅರೆಗಂಬಗಳ ಮೇಲಿನ ಕಿರುಶಿಖರಗಳನ್ನು ಕಂಡಿರಬಹುದು. ಅವು ಬರಿಯ ಅಲಂಕಾರಗಳಲ್ಲ. ಗೋಡೆಯ ಮೇಲೆ ಕೆತ್ತಿಟ್ಟ ದೇವಾಲಯದ ಪ್ರತಿಕೃತಿಗಳು.

ಇಷ್ಟು ಪೀಠಿಕೆಗೆ ಕಾರಣವುಂಟು. ಶಿವಮೊಗ್ಗೆಯ ಸವಳಂಗ ರಸ್ತೆಯಲ್ಲಿ, ನಮ್ಮ ಮನೆಗೆ ಎರಡು ಮನೆಗಳಾಚೆ, ನವುಲೆಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ತರುಣನೊಬ್ಬನು ಒಂದೂವರೆ ವರ್ಷದಿಂದ ಹಳೆಯ ಕಾಲದ ಪಂದ್ಯದ ಮೋಟಾರೊಂದರ ಪ್ರತಿಕೃತಿಯನ್ನು ನಿರ್ಮಿಸುತ್ತಿದ್ದಾನೆ. ಅವನ ತಂದೆಯವರು ನನ್ನಲ್ಲಿಗೆ ಬಂದು, “ಇಷ್ಟು ವಯಸ್ಸಾದವನು ಬೊಂಬೆ ಮಾಡುತ್ತ ಕುಳಿತರೆ ನಾಳೆ ಅನ್ನಕ್ಕೇನು ಗತಿ? ತಾವಾದರೂ ಬುದ್ಧಿ ಹೇಳಬೇಕು” ಎಂದರು. ಬುದ್ಧಿ ಹೇಳುವುದಕ್ಕೆ ಮುಂಚೆ ಕಣ್ಣಿನಿಂದ ನೋಡುವುದು ಲೇಸೆಂದು ಹೋದವನು ಈಗ ವಾರಕ್ಕೆರಡು ಸಲ ಹೋಗುತ್ತಿದ್ದೇನೆ. ಆ ತಂದೆಯವರ ಪ್ರಶ್ನೆ ಇನ್ನೂ ಅನೇಕ ಗೃಹಸ್ಥರದಾಗಿರಬಹುದೆಂದು ತೋರಿ ಈ ತಿಂಗಳು ಅದನ್ನೇ ವಿಷಯವಾಗಿ ತೆಗೆದುಕೊಂಡಿದ್ದೇನೆ.

ತರುಣನು ಆರಿಸಿಕೊಂಡಿರುವುದು ಬುಗಾಟ್ಟಿಯ ‘ಟೈಪ್ ೩೫’ ಎಂಬ ವಾಹನವನ್ನು. ಎಟ್ಟೋರೆ ಬುಗಾಟ್ಟಿಯು ೧೮೮೧ರಲ್ಲಿ ಇಟಲಿಯ ಮಿಲಾನಿನಲ್ಲಿ ಹುಟ್ಟಿ, ಆಲ್ಸೇಸ್ ಪ್ರಾಂತದ ಮೋಲ್ಸೈಮಿನಲ್ಲಿ ಕಾರ್ಖಾನೆಯನ್ನು ಹೂಡಿದವನು. ಅವನ ತಂದೆ ಕಾರ್ಲೊ ಪೀಠೋಪಕರಣಗಳ ಕುಶಲಿ. ತಮ್ಮ ರೆಂಬ್ರಾಂಟ್ ಮೃಗಗಳ ಪ್ರತಿಮೆಗಳನ್ನು ಮಾಡಿದ ಶಿಲ್ಪಿ. ಲಾಳದಾಕಾರದ ರೇಡಿಯೇಟರು, ಹಿಂದಕ್ಕೆ ಚೂಪಾಗುತ್ತ ಹೋಗುವ ಬಾಲ, ಎಂಟು ಚಪ್ಪಟೆಯಾದ ಅರಗಳುಳ್ಳ ಅಲ್ಯೂಮಿನಿಯಂ ಗಾಲಿಗಳು, ಇವುಗಳಲ್ಲಿ ಆ ಮನೆತನದ ಕೈವಾಡ ಕಾಣುವುದು. ೧೯೨೪ನೆಯ ಆಗಸ್ಟಿನಲ್ಲಿ ಫ್ರಾನ್ಸಿನ ಲಿಯಾನಿನಲ್ಲಿ ನಡೆದ ಮಹಾಪಂದ್ಯದಲ್ಲಿ ಈ ವಾಹನವು ಮೊದಲು ಓಡಿತು. ಅಂದು ಟಯರುಗಳ ರಬ್ಬರು ಕಿತ್ತುಬಂದು ಏಳನೆಯ ಸ್ಥಾನಕ್ಕಿಂತ ಮೇಲೆ ಏರಲಾಗಲಿಲ್ಲ. ಆದರೆ ಸಿಸಿಲಿ ದ್ವೀಪದ ಬೆಟ್ಟದ ಹಾದಿಗಳಲ್ಲಿ ನಡೆಯುತ್ತಿದ್ದ ಟಾರ್ಗಾ ಫ್ಲೋರಿಯೊ ಪಂದ್ಯವನ್ನು ೧೯೨೫ರಿಂದ ೧೯೨೯ರವರೆಗೆ ಐದು ವರ್ಷವೂ ಈ ವಂಶದ ವಾಹನಗಳೇ ಗೆದ್ದವು.

ಪ್ರತಿಕೃತಿಯ ಪ್ರಮಾಣವು ಎಂಟರಲ್ಲೊಂದು. ಇದನ್ನು ಕೇಳಿದೊಡನೆ ನನಗೆ ಶಿಲ್ಪಶಾಸ್ತ್ರದ ಮಾನಗಳು ನೆನಪಾದುವು. ಅಲ್ಲಿ ಎಂಟು ಯವಗಳಿಗೆ ಒಂದು ಅಂಗುಲ. ಎಂಟು ಯೂಕಗಳಿಗೆ ಒಂದು ಯವ. ಹೀಗೆಯೇ ಎಂಟೆಂಟರ ಮೆಟ್ಟಿಲುಗಳನ್ನು ಇಳಿಯುತ್ತ ಹೋದರೆ ಪರಮಾಣುವಿಗೆ ಮೇಲಿನ ಮೆಟ್ಟಿಲೇ ‘ರಥರೇಣು’, ಎಂದರೆ ರಥವು ಓಡಿದಾಗ ಏಳುವ ಧೂಳಿನ ಕಣ. ಮೂಲದ ಅಂಗುಲವು ಪ್ರತಿಕೃತಿಯಲ್ಲಿ ಯವವಾಗಬೇಕು, ಇಷ್ಟೇ ನಿಯಮ. ಮೂಲವಾಹನದ ಮುಂದಿನ ಅಕ್ಷಕ್ಕೂ ಹಿಂದಿನ ಅಕ್ಷಕ್ಕೂ ನಡುವೆ ೨೪೦೦ ಮಿಲಿಮೀಟರು, ಇಲ್ಲಿ ೩೦೦. ಎಡಬಲದ ಗಾಲಿಗಳ ಅಂತರ ೧೨೦೦, ಇಲ್ಲಿ ೧೫೦. ಸಾಲಾಗಿ ನಿಂತ ಎಂಟು ಸಿಲಿಂಡರುಗಳಲ್ಲಿ ಒಂದೊಂದರ ಒಳವ್ಯಾಸ ೬೦, ಪಿಸ್ಟನ್ನಿನ ನಡೆ ೮೮. ಇಲ್ಲಿ ಏಳೂವರೆ ಮತ್ತು ಹನ್ನೊಂದು. ಅಳತೆ ದೊರೆಯದ ಅಂಗಗಳಿಗೆ ಛಾಯಾಚಿತ್ರವೇ ಆಧಾರ. ಪಕ್ಕದಿಂದ, ಸಾಧ್ಯವಾದಷ್ಟು ದೂರದಲ್ಲಿ ನಿಂತು ತೆಗೆದ ಚಿತ್ರವನ್ನು ಆರಿಸಿಕೊಂಡು, ಅದರಲ್ಲಿ ಅಕ್ಷಗಳ ನಡುವಣ ದೂರವನ್ನು ಅಳೆದು, ಮಿಕ್ಕುದನ್ನು ತ್ರೈರಾಶಿಕದಿಂದ ಗಣಿಸಬೇಕು. ಹತ್ತಿರದಿಂದ ತೆಗೆದ ಚಿತ್ರದಲ್ಲಿ ಸಮೀಪದ ಗಾಲಿ ಹಿಗ್ಗಿ ದೂರದ್ದು ಕುಗ್ಗುವುದರಿಂದ ಅದು ಅಳತೆಗೆ ಒದಗದು.

ಆದರೆ ಎಂಟರ ನಿಯಮಕ್ಕೆ ಎಲ್ಲವೂ ಮಣಿಯುವುದಿಲ್ಲ. ಉದ್ದವು ಎಂಟರಲ್ಲೊಂದಾದರೆ ಮೈಹರಹು ಅರವತ್ತನಾಲ್ಕರಲ್ಲೊಂದು, ಗಾತ್ರವು ಐನೂರಹನ್ನೆರಡರಲ್ಲೊಂದು ಆಗುವುದು. ೧೯೯೧ ಘನ ಸೆಂಟಿಮೀಟರಿನ ಯಂತ್ರವು ನಾಲ್ಕು ಘನ ಸೆಂಟಿಮೀಟರಿಗೂ ಕಡಿಮೆಯಾಗುವುದು. ಸುಮಾರು ೭೫೦ ಕಿಲೋಗ್ರಾಮಿನ ವಾಹನವು, ಅದೇ ಲೋಹಗಳಿಂದ ಮಾಡಿದರೂ, ಒಂದೂವರೆ ಕಿಲೋಗ್ರಾಮಿಗೆ ಇಳಿಯುವುದು. ಗಾತ್ರದೊಡನೆ ಹೋಲಿಸಿದರೆ ಮೈಹರಹು ಎಂಟುಪಾಲು ಹೆಚ್ಚಿದಂತಾಯಿತು. ಅಷ್ಟು ಪುಟ್ಟ ಸಿಲಿಂಡರಿನಲ್ಲಿ ಹುಟ್ಟುವ ಶಾಖದಲ್ಲಿ ಹೆಚ್ಚಿನ ಪಾಲು ಗೋಡೆಗಳ ಮೂಲಕ ಸೋರಿಹೋಗುವುದರಿಂದ ಯಂತ್ರವನ್ನು ಪೆಟ್ರೋಲಿನಿಂದ ಓಡಿಸುವ ಆಸೆಯನ್ನು ಹುಡುಗನು ಇಟ್ಟುಕೊಂಡಿಲ್ಲ. ಕೈಯಿಂದ ತಿರುಗಿಸಿದರೆ ಪಿಸ್ಟನ್ನುಗಳು ಕ್ರಮವಾಗಿ ಏರಿಳಿಯಬೇಕು, ಅಷ್ಟೆ. ಮೈಹೊದಿಕೆಯ ತಗಡು ಮೂಲದಲ್ಲಿ ಒಂದು ಮಿಲಿಮೀಟರು ದಪ್ಪವಿದ್ದರೆ ಇಲ್ಲಿ ಅದರ ಎಂಟರಲ್ಲೊಂದು ಪಾಲಾಗಬೇಕು; ಅದು ಕಾಗದದಂತೆ ತೆಳು, ಬೆರಳು ಸೋಕಿದರೆ ಕುಳಿಬೀಳುವುದು. ಆದಕಾರಣ ಅವನು ೦.೩ ಮಿಲಿಮೀಟರಿನ ತಗಡನ್ನು ಬಳಸಿ, ಕಣ್ಣಿಗೆ ಕಾಣುವ ಅಂಚುಗಳನ್ನು ಮಾತ್ರ ಅರದಿಂದ ಉಜ್ಜಿ ತೆಳುಮಾಡಿದ್ದಾನೆ. ಅಳತೆಯನ್ನು ಎಲ್ಲಿ ಬಿಡಬಹುದೆಂಬುದು ಅಳತೆಯನ್ನು ಚೆನ್ನಾಗಿ ಬಲ್ಲವನಿಗೆ ಮಾತ್ರ ತಿಳಿಯುವುದು.

ಮೈಹೊದಿಕೆಯನ್ನು ಮಾಡುವ ಕ್ರಮವನ್ನು ಹೇಳುವೆನು. ಮೊದಲು ಶಿವನೆಯ ಮರದಲ್ಲಿ ದೇಹದ ಆಕಾರವನ್ನು ಕೆತ್ತಿಕೊಳ್ಳಬೇಕು. ಸಾಗರ ಸೊರಬಗಳ ಗುಡಿಗಾರರು ಶ್ರೀಗಂಧದ ಜೊತೆಗೆ ಈ ಮರವನ್ನೂ ಕೆತ್ತನೆಗೆ ಬಳಸುವರು. ಹಗುರವಾದುದು, ಉಳಿಗೆ ಒಲಿಯುವುದು. ಅನಂತರ ಅಲ್ಯೂಮಿನಿಯಂ ತಗಡಿಗೆ ಸಾಬೂನನ್ನು ಸವರಿ, ಕೆಳಗಿನಿಂದ ಕಾಯಿಸಿ, ಸಾಬೂನು ಕಪ್ಪಾದೊಡನೆ ಉರಿಯನ್ನು ತೆಗೆಯಬೇಕು. ಆಗ ತಗಡು ಮೆದುವಾಗಿರುವುದು. ಈ ಲೋಹವು ಕಬ್ಬಿಣದಂತೆ ಕೆಂಪಗೆ ಕಾದು ಎಚ್ಚರಿಸದೆ ಒಮ್ಮೆಲೇ ಕರಗಿ ಕುಸಿಯುವುದರಿಂದ ಸಾಬೂನನ್ನೇ ಸಾಕ್ಷಿಯಾಗಿ ಇಟ್ಟುಕೊಳ್ಳಬೇಕು. ತಣಿದ ತಗಡನ್ನು ಮರದ ಅಚ್ಚಿನ ಮೇಲಿಟ್ಟು ಮರದ ಸುತ್ತಿಗೆಯಿಂದ ಬಡಿಯುವುದು. ಬಡಿದಂತೆಲ್ಲ ಗಡುಸಾಗುವುದು, ಮತ್ತೆ ಕಾಯಿಸುವುದು. ಬಾಲದ ಒಂದು ಪಕ್ಕಕ್ಕೇ ಆರು ಸಲ ಕಾಯಿಸಬೇಕಾಯಿತು. ರೇಡಿಯೇಟರು ಹಿತ್ತಾಳೆಯದು, ಬೆಸುಗೆಯ ಕೆಲಸ. ಆಸನದ ತೊಗಲನ್ನು ಹಿಂಬದಿಯಿಂದ ಕೆರೆದು ತೆಳುಮಾಡಬೇಕು. ಹಳೆಯ ವಾಹನಗಳಲ್ಲಿ ತೊಗಲೂ ಹಿತ್ತಾಳೆಯೂ ಬಣ್ಣವೂ ಹೇಗೆ ಹಣ್ಣಾಗುವುವೆಂದು ನೋಡಬಯಸುವವರಿಗೆ ಧರ್ಮಸ್ಥಳದ ಹಳೆಯ ಮೋಟಾರುಗಳ ಸಂಗ್ರಹಾಲಯವು ಒಳ್ಳೆಯ ಪಾಠಶಾಲೆ.

ಗಾಲಿಗಳೇ ಎಲ್ಲಕ್ಕಿಂತ ಕಠಿನವಾದುವು. ಮೂಲದಲ್ಲಿ ಅರಗಳೂ ಬ್ರೇಕಿನ ಡೋಲೂ ಕೂಡಿದ ಒಂದೇ ಎರಕ. ಇದಕ್ಕೆ ಭದ್ರಾವತಿಯ ನೆರವು ಬೇಕಾಯಿತು. ೧೯೨೩ರಲ್ಲಿ ಅಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯು ಕೆಲಸಕ್ಕೆ ತೊಡಗಿದ ಮೇಲೆ ಎರಕದ ವಿದ್ಯೆಯು ಆ ಊರಿನ ಎಷ್ಟೋ ಮನೆಗಳ ವಿದ್ಯೆಯಾಯಿತು. ಎರಕಕ್ಕೆ ಬೇಕಾದ ಮರದ ಮಾದರಿಗಳನ್ನು ಕೆತ್ತುವುದರಲ್ಲಿಯೇ ಬಾಳನ್ನು ಸವೆಸಿ ವಿಶ್ರಾಂತರಾಗಿರುವ ಹಿರಿಯರೊಬ್ಬರು ಹುಡುಗನಿಗೆ ದೊರೆತರು. ಅವರ ಮಾದರಿಯು ವಸ್ತುವಿನ ಅನಂತರ ಹುಟ್ಟುವ ಪ್ರತಿಕೃತಿಯಲ್ಲ. ವಸ್ತುವಿಗಿಂತ ಮುಂಚೆ ಹುಟ್ಟಿ ಅದನ್ನು ಹೆರತಕ್ಕದ್ದು. ಮರಳಿನಲ್ಲಿ ಅದನ್ನು ಒತ್ತಿ ತೆಗೆದಾಗ ಉಳಿಯುವ ಕುಳಿಯಲ್ಲಿ ಲೋಹವನ್ನು ಹೊಯ್ಯುವರು. ಲೋಹವು ಆರುವಾಗ ಕುಗ್ಗುವುದು: ಎರಕದ ಕಬ್ಬಿಣವು ನೂರಕ್ಕೆ ಸುಮಾರು ಒಂದು ಪಾಲು, ಅಲ್ಯೂಮಿನಿಯಂ ೧.೩, ಉಕ್ಕು ಎರಡು. ಮಾದರಿಯನ್ನು ಅಷ್ಟು ಹಿಗ್ಗಿಸಿ ಕೆತ್ತಬೇಕು. ಇದಕ್ಕಾಗಿಯೇ ಗೆರೆಗಳನ್ನು ಹಿಗ್ಗಲಿಸಿ ಕೊರೆದ ಅಳತೆಗೋಲೊಂದು ಅವರ ಬಳಿಯಿದ್ದಿತು. ಸಂತೆಯಲ್ಲಿ ಅದರಿಂದ ಬಟ್ಟೆಯನ್ನು ಅಳೆದರೆ ಕೊಂಡವನಿಗೆ ಲಾಭ, ಮಾರಿದವನಿಗೆ ನಷ್ಟ. ಎರಕದ ಮನೆಯಲ್ಲಿ ಮಾತ್ರ ಅದೇ ಸತ್ಯವಾದ ಕೋಲು. ಸುಮಾರು ೬೦ ಮಿಲಿಮೀಟರಿನ ಗಾಲಿಗೆ ಮುಕ್ಕಾಲು ಮಿಲಿಮೀಟರಿನಷ್ಟು ಸೇರಿಸಿ, ಮರಳು ಕೆಡದಂತೆ ಮೇಲೆತ್ತಲು ಅರಗಳ ಪಕ್ಕಗಳನ್ನು ತುಸು ಇಳಿಜಾರಾಗಿಸಿ, ಅವರು ಹನ್ನೊಂದು ದಿನ ಕುಳಿತು ಮಾದರಿಯನ್ನು ಕೆತ್ತಿದರು. ಕೈ ನಡುಗತೊಡಗಿದೆ. ಇದೇ ತಮ್ಮ ಕೊನೆಯ ಕೆಲಸವೆಂದು ಹೇಳಿ ಆ ಕೋಲನ್ನು ಹುಡುಗನಿಗೆ ಕೊಟ್ಟುಬಿಟ್ಟರು.

ಅಷ್ಟರಲ್ಲಿ ಒಂದು ವಾದ ಹುಟ್ಟಿತು. ಬಾನೆಟ್ಟನ್ನು ಮುಚ್ಚಿದ ಮೇಲೆ ಯಂತ್ರವು ಕಾಣದು. ಪಿಸ್ಟನ್ನುಗಳಂತೂ ಬಾನೆಟ್ಟನ್ನು ತೆರೆದರೂ ಕಾಣವು. ಪರೀಕ್ಷೆಯು ಸಮೀಪಿಸಿತ್ತು. ಮರದ ತುಂಡೊಂದನ್ನು ಯಂತ್ರದಂತೆ ಕಡೆದು ಬೆಳ್ಳಿಯ ಬಣ್ಣವನ್ನು ಬಳಿದಿಟ್ಟರೆ ಆಗದೆ ಎಂದು ಹುಡುಗನು ಕೇಳಿದನು. ಬೇಗ ಮುಗಿದೀತೆಂದು ಅವನ ತಂದೆಯವರಿಗೂ ಅದೇ ಸರಿಯೆನಿಸಿತು. ಭದ್ರಾವತಿಯ ಹಿರಿಯರು ಗದರಲಿಲ್ಲ, ಉಪದೇಶಿಸಲೂ ಇಲ್ಲ. “ಮಾಡ್ಬೋದು ಮಗಾ. ನೋಡೋರಿಗೇನೂ ಗೊತ್ತಾಗಲ್ಲ. ಅವರು ಹೊಗಳಿದಾಗೆಲ್ಲ ಒಳಗಿರೋ ಮರದ ತುಂಡು ನಿನಗೊಬ್ಬನಿಗೇ ನೆನಪಾಗ್ತಿರುತ್ತೆ, ಅಷ್ಟೇ” ಎಂದರು. ಹುಡುಗನು ಆ ದಿನ ಏನನ್ನೂ ಹೇಳಲಿಲ್ಲ. ಎಲ್ಲ ಸಾಮಾನುಗಳನ್ನೂ ಪೆಟ್ಟಿಗೆಯಲ್ಲಿಟ್ಟು, ಪರೀಕ್ಷೆಯನ್ನು ಮುಗಿಸಿಕೊಂಡು, ಅನಂತರ ಪಿಸ್ಟನ್ನುಗಳನ್ನು ಕಡೆಯಲು ಕುಳಿತನು. ಎಂಟರಲ್ಲಿ ಐದು ಸಿದ್ಧವಾಗಿವೆ.

ಇನ್ನು ಅನ್ನದ ಪ್ರಶ್ನೆ. ಈ ಪ್ರತಿಕೃತಿಯು ಅವನಿಗೆ ಉದ್ಯೋಗವನ್ನು ಕೊಡಿಸುವುದೆಂದು ನಾನು ಹೇಳಲಾರೆನು. ಆದರೆ ಬಹುಕಾಲ ಪಾಠ ಹೇಳಿದವನಾಗಿ ಒಂದು ಮಾತನ್ನು ಬಲ್ಲೆನು. ಹಲಗೆಯ ಮೇಲಿನ ತ್ರೈರಾಶಿಕದಲ್ಲಿ ತಪ್ಪಿದ ಹುಡುಗನಿಗೆ ಒಂದು ಅಂಕ ಹೋಗುವುದು, ಮರುದಿನ ಮರೆಯುವುದು. ಕೈಗೆಲಸದಲ್ಲಿ ತಪ್ಪಿದ ಲೆಕ್ಕವು ಮೇಜಿನ ಮೇಲೆಯೇ ಕುಳಿತಿರುವುದು; ಅಕ್ಷವು ಗಾಲಿಯೊಳಗೆ ಹೋಗಲೊಲ್ಲದು, ಯಾರನ್ನು ಬೇಡಿದರೂ ಅಂಕ ದೊರೆಯದು. ನಮ್ಮ ನುಡಿಯಲ್ಲಿ ‘ಪ್ರಮಾಣ’ವೆಂದರೆ ಅಳತೆ, ಅದೇ ಶಬ್ದದಿಂದ ‘ಪ್ರಾಮಾಣಿಕ’ನೆಂಬ ಮಾತು ಬಂದಿದೆ. ಕಾಣದ ಕಡೆಯಲ್ಲಿಯೂ ಅಳತೆಗೆ ತಪ್ಪದವನು ಪ್ರಾಮಾಣಿಕನು. ಅಂಥವನಿಗೆ ಅನ್ನ ದೊರೆಯದಿದ್ದರೆ ಆ ನಾಚಿಕೆ ಅವನದಲ್ಲ.

ಈ ಕೆಲಸವನ್ನು ಆರಂಭಿಸಬಯಸುವ ಮನೆಗಳವರು ಮೊದಲೇ ಮ��ಟಾರಿಗೆ ಕೈಹಾಕಬೇಕಾಗಿಲ್ಲ. ಮನೆಯಲ್ಲಿರುವ ಒರಳುಕಲ್ಲನ್ನೋ ಮಣೆಯನ್ನೋ ಮಕ್ಕಳಿಂದ ಅಳೆಯಿಸಿ, ಎಂಟರಿಂದ ಭಾಗಿಸಿ, ರಟ್ಟಿನಲ್ಲಿ ಮಾಡಿಸಿರಿ; ಆಮೇಲೆ ಎತ್ತಿನ ಗಾಡಿ. ಬೆಸುಗೆಯ ವೇಳೆಯಲ್ಲಿ ಕಿಟಕಿಗಳು ತೆರೆದಿರಲಿ, ಕಣ್ಣಿಗೆ ಕನ್ನಡಕವಿರಲಿ, ಎಳೆಯ ಮಕ್ಕಳು ದೂರವಿರಲಿ. ಲೋಹವನ್ನು ಕರಗಿಸುವುದು ಮನೆಯ ಕೆಲಸವಲ್ಲ. ಅದಕ್ಕೆ ಎರಕದ ಮನೆಗೇ ಹೋಗತಕ್ಕದ್ದು. ಮನೆಯಲ್ಲಿ ಇಂಥ ಹುಡುಗನೋ ಹುಡುಗಿಯೋ ಇದ್ದರೆ ಬೊಂಬೆಯಾಟವೆಂದು ಜರೆಯದೆ ಅಲುಗದ ಮೇಜೊಂದನ್ನೂ ಒಳ್ಳೆಯ ದೀಪವೊಂದನ್ನೂ ಕೊಡಿರಿ.