ಕೂಗಬೇಕಾದದ್ದು ಹೂವಿನ ಹೆಸರು

“ಒಳ್ಳೆಯ ಬರಹಕ್ಕೆ ಪ್ರಚಾರವೇಕೆ? ಮಲ್ಲಿಗೆಯ ಕಂಪಿಗೆ ಡಂಗುರ ಬೇಕೆ?” ಎಂದು ನಮ್ಮ ಸಾಹಿತಿಗಳಲ್ಲಿ ಕೆಲವರು ಗಂಭೀರವಾಗಿ ಅಪ್ಪಣೆ ಕೊಡಿಸುವುದುಂಟು. ಈ ಮಹನೀಯರು ಒಂದು ದಿನ ಬೆಳಿಗ್ಗೆ ರಾಜಾಜಿನಗರದ ಯಾವುದಾದರೊಂದು ಅಡ್ಡರಸ್ತೆಯಲ್ಲಿ ಸ್ವಲ್ಪ ಹೊತ್ತು ನಿಂತು ನೋಡಬೇಕು. ಮಲ್ಲಿಗೆಗೆ ಕಂಪಿರುವುದು ನಿಜ. ಆದರೂ ಹೂವಾಡಗಿತ್ತಿ ಬುಟ್ಟಿ ಹೊತ್ತು “ಹೂವಾ...” ಎಂದು ಕೂಗಿಕೊಂಡೇ ಬರುತ್ತಾಳೆ. ಕೂಗದಿದ್ದರೆ ಮೂರನೆಯ ಮಹಡಿಯ ಗೃಹಿಣಿಗೆ ಹೂವು ಬಂದದ್ದು ತಿಳಿಯದು. ಮಧ್ಯಾಹ್ನಕ್ಕೆ ಬುಟ್ಟಿಯ ಹೂವು ಬುಟ್ಟಿಯಲ್ಲಿಯೇ ಬಾಡುತ್ತದೆ. ಆದರೆ ಒಂದು ಸಂಗತಿಯನ್ನು ಓದುಗರು ಗಮನಿಸಬೇಕು. ಆಕೆ ಕೂಗುವುದು ಹೂವಿನ ಹೆಸರನ್ನು, ತನ್ನ ಹೆಸರನ್ನಲ್ಲ.

ನಮ್ಮ ಸಾಹಿತಿಗಳು ಮಾಡುತ್ತಿರುವುದು ಇದಕ್ಕೆ ತೀರ ವಿರುದ್ಧ. ಈಚೆಗೆ ವಿಜಯನಗರದಲ್ಲಿ ಒಂದು ಪುಸ್ತಕದ ಬಿಡುಗಡೆಗೆ ಹೋಗಿದ್ದೆ. ರಸ್ತೆಯ ತಿರುವಿನಲ್ಲಿ ಲೇಖಕರ ಭಾವಚಿತ್ರದ ದೊಡ್ಡ ಫ್ಲೆಕ್ಸು. 2016ರಲ್ಲಿಯೇ ಸರ್ಕಾರ ಪ್ಲಾಸ್ಟಿಕ್ಕಿನ ಜೊತೆಗೆ ಫ್ಲೆಕ್ಸನ್ನೂ ನಿಷೇಧಿಸಿತು. ಆ ಮಾತು ಹಾಗಿರಲಿ. ಪುಸ್ತಕದಲ್ಲಿ ಏನಿದೆಯೆಂಬುದಕ್ಕೆ ಆ ಫ್ಲೆಕ್ಸಿನ ಮೇಲೆ ಒಂದು ಸಾಲಿಗೂ ಜಾಗವಿರಲಿಲ್ಲ. ವೇದಿಕೆಯ ಮೇಲೆ ಏಳು ಮಂದಿ ಗಣ್ಯರು, ಏಳು ಶಾಲು, ಏಳು ಹಣ್ಣಿನ ಬುಟ್ಟಿ. ಒಬ್ಬ ಅತಿಥಿಗಳಂತೂ ಪುಸ್ತಕವನ್ನು ಕಾರಿನಲ್ಲಿ ಬರುತ್ತಾ ತಿರುವಿ ಹಾಕಿದೆನೆಂದು ಹೆಮ್ಮೆಯಿಂದಲೇ ಒಪ್ಪಿಕೊಂಡರು. ಸಭಿಕರಲ್ಲಿ ಬಹುಪಾಲು ಬಂಧುಗಳು. ಪುಸ್ತಕ ಮಾರುವ ಮೇಜಿನ ಹಿಂದೆ ಕುಳಿತ ಹುಡುಗ ತೂಕಡಿಸುತ್ತಿದ್ದ. ಆ ರಾತ್ರಿ ಫೇಸ್‌ಬುಕ್ಕಿನಲ್ಲಿ ಚಿತ್ರಗಳ ಸುರಿಮಳೆ, ಅಭಿನಂದನೆಗಳ ಮಹಾಪೂರ. ಅಭಿನಂದಿಸಿದವರಲ್ಲಿ ಪುಸ್ತಕ ಕೊಂಡವರೆಷ್ಟು ಎಂದು ಆಮೇಲೊಮ್ಮೆ ಲೇಖಕರನ್ನು ಕೇಳಿದೆ. ಅವರು ನಕ್ಕು, “ಲೈಬ್ರರಿ ಆರ್ಡರ್ ಬಂದರೆ ಸಾಕು ಬಿಡಿ ಸಾರ್” ಎಂದರು.

ರೋಗವಿರುವುದು ಈ ಮಾತಿನಲ್ಲಿ. ಗ್ರಂಥಾಲಯ ಇಲಾಖೆ ಸಗಟು ಖರೀದಿಯಲ್ಲಿ ಒಂದೊಂದು ಪುಸ್ತಕದ 300 ಪ್ರತಿ ಕೊಳ್ಳುವ ಪದ್ಧತಿ ಕನ್ನಡಕ್ಕೆ ಉಪಕಾರವನ್ನೇ ಮಾಡಿದೆ. ಆದರೆ ಆ ಮುನ್ನೂರನ್ನೇ ನಂಬಿ ಅಚ್ಚು ಹಾಕಿಸುವವನಿಗೆ ಓದುಗ ಬೇಕಾಗಿಯೇ ಇಲ್ಲ! ಬೇಕಾದದ್ದು ಶಾಲು, ಭಾವಚಿತ್ರ, ಪ್ರಶಸ್ತಿಗೊಂದು ದಾರಿ. ಹೀಗೆ ಪ್ರಚಾರವೆಲ್ಲ ವ್ಯಕ್ತಿಗೆ ಸಲ್ಲುತ್ತದೆ. ಕೃತಿ ಕಪಾಟಿನಲ್ಲಿ ಧೂಳು ತಿನ್ನುತ್ತದೆ.

ನಮ್ಮ ಹಿರಿಯರಿಗೆ ಈ ವ್ಯತ್ಯಾಸ ಚೆನ್ನಾಗಿ ತಿಳಿದಿತ್ತು. ಗಳಗನಾಥರನ್ನು (1869–1942) ನೆನೆಯಿರಿ. ಉತ್ತರ ಕರ್ನಾಟಕದ ಕನ್ನಡಿಗರೇ ಮರಾಠಿ ಕಾದಂಬರಿಗಳಿಗೆ ಮರುಳಾಗಿದ್ದ ಕಾಲ ಅದು. ಶಾಲೆಯ ಮೇಷ್ಟರಾಗಿದ್ದ ಆ ಪುಣ್ಯಾತ್ಮರು ಕನ್ನಡದಲ್ಲಿ ಕಾದಂಬರಿ ಬರೆದರು. ಬರೆದದ್ದನ್ನು ಗಂಟು ಕಟ್ಟಿ, ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಅದನ್ನು ಆತ್ಮಪ್ರಚಾರವೆಂದು ಹೇಳುವ ಎದೆ ಯಾರಿಗಿದೆ? ಧಾರವಾಡದಲ್ಲಿ ಜಿ. ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿ, ಚಂದಾದಾರರನ್ನು ಒಬ್ಬೊಬ್ಬರನ್ನಾಗಿ ಕೂಡಿಸಿ ಕನ್ನಡಕ್ಕೆ ಓದುಗರನ್ನು ಕಟ್ಟಿಕೊಟ್ಟರು. ರಾಜರತ್ನಂ ಅವರು ‘ರತ್ನನ ಪದಗಳು’ ಅಚ್ಚಾಯಿತೆಂದು ಸುಮ್ಮನೆ ಕೂಡಲಿಲ್ಲ. ಸಭೆ ಸಭೆಗಳಲ್ಲಿ ನಿಂತು ತಾವೇ ಓದಿದರು. ಮುಂದೆ ಕಾಳಿಂಗರಾಯರ ಕಂಠ ಆ ಪದಗಳನ್ನು ಇನ್ನಷ್ಟು ದೂರಕ್ಕೆ ಒಯ್ದಿತು. ಜನರ ಮನಸ್ಸಿನಲ್ಲಿ ಮೊದಲು ನಿಂತವನು ರತ್ನ. ಅವನ ಹಿಂದೆ ರಾಜರತ್ನಂ. ನಾಟಕದ ಕಂಪನಿಗಳವರೂ ಊರಿಗೆ ಬಂದ ದಿನವೇ ಗಾಡಿ ಕಟ್ಟಿ, ವಾದ್ಯ ನುಡಿಸಿ, ಬೀದಿ ಬೀದಿಗೆ ಹ್ಯಾಂಡ್‌ಬಿಲ್ ಹಂಚುತ್ತಿದ್ದರು. ಸಂಜೆಯ ಆಟ ಯಾವುದೆಂಬುದು ಊರಿನ ಮಕ್ಕಳಿಗೂ ಗೊತ್ತಿರುತ್ತಿತ್ತು.

“ಆತ್ಮಸ್ತುತಿ ಸಲ್ಲದು” ಎನ್ನುವವರ ಸಂಕೋಚವನ್ನು ನಾನು ಅಲ್ಲಗಳೆಯುವುದಿಲ್ಲ. ತನ್ನನ್ನು ತಾನೇ ಹೊಗಳಿಕೊಳ್ಳುವುದು ಆತ್ಮಹತ್ಯೆಗೆ ಸಮಾನವೆಂದು ಕರ್ಣಪರ್ವದಲ್ಲಿ ಕೃಷ್ಣನೇ ಅರ್ಜುನನಿಗೆ ಹೇಳುತ್ತಾನೆ. ಆದರೆ ಬರೆದದ್ದನ್ನು ನಾಲ್ಕು ಜನರಿಗೆ ಓದಿ ಹೇಳುವುದು ಆತ್ಮಸ್ತುತಿ ಹೇಗಾದೀತು? ಓದುಗನೇ ಹುಡುಕಿಕೊಂಡು ಬರಲಿ ಎಂದು ಬಾಗಿಲು ಹಾಕಿ ಕೂಡುವುದು ವಿನಯವಲ್ಲ. ವಿನಯದ ವೇಷ ತೊಟ್ಟ ದೊಡ್ಡಸ್ತಿಕೆ. ಕಚೇರಿ ಮುಗಿಸಿ ಮೆಟ್ರೋದಲ್ಲಿ ನಿಂತೇ ಬಂದು, ರಾತ್ರಿ ಎಂಟಕ್ಕೆ ಕೆಂಗೇರಿಯ ಮನೆ ಸೇರುವ ಗುಮಾಸ್ತ ನಿಮ್ಮ ಕವನ ಸಂಕಲನವನ್ನು ಎಲ್ಲಿ ಹುಡುಕಬೇಕು, ಸ್ವಾಮಿ?

ಆದ್ದರಿಂದ ನಮ್ಮ ಬಡಾವಣೆಗಳ ಬರಹಗಾರರಿಗೂ ಕಲಾವಿದರಿಗೂ ನನ್ನ ವಿನಂತಿ ಇಷ್ಟೇ. ಫ್ಲೆಕ್ಸಿನ ದುಡ್ಡು ಉಳಿಸಿ, ಹತ್ತಿರದ ಶಾಲೆಗೆ ಹೋಗಿ ಮಕ್ಕಳಿಗೆ ಒಂದು ಕಥೆ ಓದಿ. ಹಂಪಿನಗರದ ಗ್ರಂಥಾಲಯಕ್ಕೆ ದಿನವೂ ಬರುವ ಓದುಗರನ್ನು ಮಾತನಾಡಿಸಿ. ನಿಮ್ಮ ಪುಸ್ತಕದ ಬಗ್ಗೆ ಅವರ ಅಭಿಪ್ರಾಯ ಕೇಳಿ. ಬಸವೇಶ್ವರನಗರದ ಪ್ರಭಾತ್ ರಂಗಮಂದಿರದಲ್ಲಿ ಸಂಜೆ ನಾಟಕವಿದ್ದರೆ, ಬೆಳಿಗ್ಗೆ ಪಾರ್ಕಿನಲ್ಲಿ ವಾಕಿಂಗ್ ಬಂದ ಹಿರಿಯರ ಮುಂದೆ ಅದರದೊಂದು ದೃಶ್ಯ ಆಡಿ ತೋರಿಸಿ. ನವೆಂಬರಿನಲ್ಲಿ ಬೀದಿ ಬೀದಿಯಲ್ಲಿ ರಾಜ್ಯೋತ್ಸವದ ಪೆಂಡಾಲು ಏಳುತ್ತದೆ. ಆರ್ಕೆಸ್ಟ್ರಾದ ಎರಡು ಹಾಡುಗಳ ನಡುವೆ ಒಂದು ಕವಿತೆಗೆ ಹತ್ತು ನಿಮಿಷ ಕೇಳಿ ಪಡೆಯಿರಿ. ಮಾರಾಟದ ಮೇಜಿನ ಹಿಂದೆ ನೀವೇ ಕೂತುಕೊಳ್ಳಿ. ಫೇಸ್‌ಬುಕ್ಕು ಇರಬೇಕಾದರೆ ಇರಲಿ. ಅಲ್ಲಿಯೂ ನಿಮ್ಮ ಶಾಲಿನ ಚಿತ್ರದ ಬದಲು ಪುಸ್ತಕದ ಒಂದು ಪುಟ ಹಾಕಿ.

ಹತ್ತು ಮಂದಿ “ಬೇಡ” ಎನ್ನುತ್ತಾರೆ. ಎನ್ನಲಿ. ಹೂವಾಡಗಿತ್ತಿಗೂ ಹತ್ತು ಮನೆಯವರು ಬೇಡವೆನ್ನುತ್ತಾರೆ. ಆಕೆ ಬೇಸರಿಸದೆ ಹನ್ನೊಂದನೆಯ ಮನೆಯ ಮುಂದೆ ನಿಂತು ಮತ್ತೆ ಕೂಗುತ್ತಾಳೆ. ಆ ಹನ್ನೊಂದನೆಯ ಮನೆಯಲ್ಲಿ ಒಬ್ಬ ಓದುಗನಿದ್ದಾನೆ. ಅವನ ಮನೆಯ ಬಾಗಿಲವರೆಗೆ ಹೋಗುವ ಕಾಲ್ನಡಿಗೆ ನಮ್ಮದು.