ಪುಕ್ಕಟೆ ಅಂದರೆ ವಾರಸುದಾರರಿಲ್ಲ ಅಂತಲ್ಲ!

ಹುಡುಗರೇ, ತಪ್ಪು ಶುರುವಾದದ್ದು ನನ್ನಿಂದಲೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಕಳೆದ ಮಳೆಗಾಲ ರಾಯಬಾಗದ ಕಡೆಯ ಇಬ್ಬರು ಇಂಜಿನಿಯರಿಂಗ್ ಹುಡುಗರು ಚಿಕ್ಕೋಡಿಯ ನನ್ನ ಪ್ರೆಸ್ಸಿಗೆ ಬಂದರು. ಕನ್ನಡ ಲಗ್ನಪತ್ರಿಕೆ ಮಾಡುವ ಸಾಫ್ಟ್‌ವೇರ್ ಬರೆದಿದ್ದರು. ಓಪನ್ ಸೋರ್ಸ್. ಅಂದರೆ ಒಳಗಿನ ಕೋಡನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಹಂಚಬಹುದು. ನಿಪ್ಪಾಣಿ, ಕಾಗವಾಡದ ಗಿರಾಕಿಗಳಿಂದ 'ಕನ್ನಡದಾಗ ಛಂದ ಅಕ್ಷರ ಇಲ್ಲ' ಎಂಬ ನೆಪ ಕೇಳಿ ಕೇಳಿ ನನಗೆ ಸಾಕಾಗಿತ್ತು. ನನ್ನ ಕಂಪ್ಯೂಟರಿನ ಹನ್ನೊಂದು ಕನ್ನಡ ಫಾಂಟುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟೆ.

"ಕಾಕಾ, ಇವು ಫ್ರೀ ಅದಾವೇನ್ರಿ?"

"ಹತ್ತು ವರ್ಷ ಆತು ವಾಪರಸಾಕತ್ತು, ಯಾರೂ ಕೇಳಿಲ್ಲೋ ತಮ್ಮಾ!"

ಕೇಳಿದರು. ಮೂರು ತಿಂಗಳ ಮೇಲೆ, ಕೆಲಸದಲ್ಲಿ ಕೈಜೋಡಿಸಲು ಬಂದ ಬೆಂಗಳೂರಿನ ಹುಡುಗನೇ ಕೇಳಿದ: ಫಾಂಟುಗಳ ಲೈಸೆನ್ಸ್ ಎಲ್ಲಿ? ನೋಡಿದರೆ ಒಂದು, ವಿಂಡೋಸ್ ಜೊತೆ ಬರುವ ತುಂಗಾ. ವಿಂಡೋಸಿನಲ್ಲಿ ಬಳಸಬಹುದು, ಬಿಚ್ಚಿ ಹಂಚುವಂತಿಲ್ಲ. ಐದು ನಾನು ದುಡ್ಡು ಕೊಟ್ಟು ಕೊಂಡವು, ಒಂದೇ ಕಂಪ್ಯೂಟರಿಗೆ. ಉಳಿದವಕ್ಕೆ ಅಪ್ಪ ಅವ್ವ ಯಾರೋ ದೇವರಿಗೇ ಗೊತ್ತು! ಎಲ್ಲ ಕಿತ್ತರು. ಕಿತ್ತರೆ ಮುಗಿಯಿತೇ? ಇಂಥ ಯೋಜನೆಯಲ್ಲಿ ಹಳೆಯ ಪ್ರತಿಗಳೆಲ್ಲ ದಫ್ತರದಲ್ಲಿ ಉಳಿದಿರುತ್ತವೆ, ಅದನ್ನೂ ತೊಳೆಯಬೇಕಾಯಿತು. ಜನ ಮಾಡಿಟ್ಟಿದ್ದ ಪತ್ರಿಕೆಗಳು ಬೇರೆ ಫಾಂಟಿನಲ್ಲಿ ಅಡ್ಡಾದಿಡ್ಡಿ. ನಗೆಪಾಟಲಾದದ್ದು ಯಾರು? ಕನ್ನಡ!

ನಮ್ಮಂಥ ಮುದ್ರಕರಿಗೆ ಇದು ಗೊತ್ತಿರಬೇಕಿತ್ತು. 1867ರ ಪ್ರೆಸ್ ಕಾಯ್ದೆ, ಅಚ್ಚಾದ ಹಾಳೆಯ ಮೇಲೆ ಮುದ್ರಕನ ಹೆಸರು, ಊರು ಇರಲೇಬೇಕು ಎನ್ನುತ್ತಿತ್ತು. (2024ರ ಮಾರ್ಚಿನಲ್ಲಿ ಅದರ ಜಾಗಕ್ಕೆ ಹೊಸ ಕಾಯ್ದೆ ಬಂತು.) ಕರಪತ್ರದಲ್ಲಿ ಆ ಸಾಲು ಬಿಟ್ಟುಹೋದರೆ ನಮ್ಮಪ್ಪ ಮತ್ತೆ ಮೊಳೆ ಜೋಡಿಸುತ್ತಿದ್ದ. ಲೈಸೆನ್ಸ್ ಫೈಲೂ ಅಂಥದ್ದೇ ಸಾಲು. ಅದು ಇಲ್ಲ ಅಂದರೆ 'ಯಾರಾದರೂ ತಗೋಬಹುದು' ಎಂದಲ್ಲ, ಯಾರಿಗೂ ಅನುಮತಿ ಇಲ್ಲ ಎಂದು. 1957ರ ಕೃತಿಸ್ವಾಮ್ಯ ಕಾಯ್ದೆಗೆ ಕಂಪ್ಯೂಟರ್ ಪ್ರೋಗ್ರಾಮೂ ಒಂದು ಸಾಹಿತ್ಯ ಕೃತಿಯೇ.

ಹಾಗಂತ ಕನ್ನಡಕ್ಕೆ ಫಾಂಟಿಗೇನು ಬರವಿಲ್ಲ. ರೆಡ್ ಹ್ಯಾಟ್ ಕಂಪನಿಯ ಲೋಹಿತ್ 2011ರಲ್ಲಿ, ಗೂಗಲ್ಲಿನ ನೋಟೋ 2015ರಲ್ಲಿ 'ಓಪನ್ ಫಾಂಟ್ ಲೈಸೆನ್ಸ್'ಗೆ ಬಂದವು. ನಮ್ಮ ಬ್ಯಾನರುಗಳ ದುಂಡುದುಂಡಾದ 'ಬಾಲೂ ತಮ್ಮ' ಕೂಡ ಅದೇ ಲೈಸೆನ್ಸಿನದು. ಮಾಡಿದವರು ಮುಂಬೈನ ಏಕ್ ಟೈಪ್. ಹೌದು ಸ್ವಾಮಿ, ಮುಂಬೈ! ಗಡಿ ಭಾಷಣದವರು ಗಮನಿಸಿ, ಅವರ ಹೆಸರು ಅಳಿಸಿ ಹಂಚುವುದು ಕನ್ನಡಾಭಿಮಾನ ಅಲ್ಲ. ಈ ಲೈಸೆನ್ಸ್ ಕೇಳುವುದಾದರೂ ಎಷ್ಟು? ಫಾಂಟೊಂದನ್ನೇ ಮಾರಬೇಡಿ, ಸಾಫ್ಟ್‌ವೇರ್ ಜೊತೆ ಬೇಕಾದರೆ ಮಾರಿ. ಪ್ರತಿಯೊಂದು ಪ್ರತಿಯಲ್ಲೂ ಹಕ್ಕಿನ ಸಾಲು, ಲೈಸೆನ್ಸಿನ ಪಠ್ಯ ಇಡಿ. ತಿದ್ದಿದ್ದನ್ನು ಇದೇ ಲೈಸೆನ್ಸಿನಲ್ಲಿ ಬಿಡಿ. ಕರ್ತೃ ಹೆಸರನ್ನು ಕಾಯ್ದಿರಿಸಿದ್ದರೆ ನಿಮ್ಮದಕ್ಕೆ ಬೇರೆ ಹೆಸರಿಡಿ. ನಮ್ಮ ಹುಡುಗನೊಬ್ಬ 'ಳ'ದ ಬಾಲ ತಿದ್ದಿ ಹಳೆಯ ಹೆಸರನ್ನೇ ಬಿಟ್ಟಿದ್ದ!

ಫಾಂಟು ಕಣ್ಣಿಗೆ ಕಾಣುತ್ತದೆ. ಕಾಣದ್ದು ಲೈಬ್ರರಿಗಳು, ಅಂದರೆ ಬೇರೆಯವರು ಬರೆದಿಟ್ಟ ಕೋಡು. ಇವರು ಸೇರಿಸಿದ್ದು ಏಳು, ಅವುಗಳ ಬೆನ್ನಿಗೆ ಬಂದದ್ದು ಅರವತ್ತಕ್ಕೂ ಹೆಚ್ಚು. ಒತ್ತಕ್ಷರ ಕೂಡಿಸುವ ಹಾರ್ಫ್‌ಬಜ್ ಹಕ್ಕಿನ ಸಾಲು ಉಳಿಸಿ ಎನ್ನುತ್ತದೆ, ಅಷ್ಟೆ. ಜಿಪಿಎಲ್ ಹಾಗಲ್ಲ. ಅದನ್ನು ಬೆರೆಸಿ ಹಂಚಿದರೆ ಇಡೀ ಪ್ರೋಗ್ರಾಮನ್ನೇ ಜಿಪಿಎಲ್‌ನಲ್ಲಿ ಕೊಡಬೇಕು. ಅಪಾಚೆ 2.0 ಕೋಡು ಜಿಪಿಎಲ್ 3ರ ಜೊತೆ ಕೂಡುತ್ತದೆ, ಬರೀ ಜಿಪಿಎಲ್ 2 ಎಂದಿರುವುದರ ಜೊತೆ ಕೂಡುವುದಿಲ್ಲ. ಬೀಗತನಕ್ಕೆ ಮೊದಲು ಜಾತಕ ನೋಡುವವರು ನಾವು, ಇಲ್ಲೇಕೆ ನೋಡಬಾರದು?

ಈಗ ಹುಡುಗರು ಪಟ್ಟಿ ಇಟ್ಟಿದ್ದಾರೆ: ಯಾವುದು, ಯಾರದು, ಯಾವ ಆವೃತ್ತಿ, ಯಾವ ಲೈಸೆನ್ಸ್. ಪಟ್ಟಿಗೆ ಬರೆಯದೆ ಯಾವುದೂ ಒಳಗೆ ಬರುವಂತಿಲ್ಲ. ಪತ್ರಿಕೆಯ ತಲೆಯ ಮೇಲಿದ್ದ ಗಣಪತಿ ಚಿತ್ರ ಯಾರದೆಂದು ಕೊನೆಗೂ ತಿಳಿಯಲಿಲ್ಲ. ತೆಗೆದುಹಾಕಿದ್ದಾರೆ. ಅಥಣಿಯ ಹುಡುಗಿಯೊಬ್ಬಳು ಹೊಸ ಗಣಪತಿ ಬರೆಯುತ್ತಿದ್ದಾಳೆ, ಸೊಂಡಿಲು ಇನ್ನೂ ಬಾಕಿ ಇದೆಯಂತೆ.